ಬೆಳಗ್ಗೆಯೇ ಬರೆದಿಟ್ಟ ಐದು ಗಂಟೆ

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಮಕ್ಕಳಿಗೆ ಕೈ ಮುಗಿಯುತ್ತೇನೆ. ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಆದರೂ ಹೇಳಿಯೇ ಇಳಿಯುತ್ತೇನೆ.

ನಮ್ಮ ಬಂದರು ಕಚೇರಿಯಲ್ಲಿ, ಈ ಪಟದಲ್ಲಿರುವ ಅತ್ತಿಗೆಯ ಯಜಮಾನರನ್ನು ಎಲ್ಲರೂ ಮುಳ್ಳಣ್ಣ ಎನ್ನುತ್ತಿದ್ದೆವು. ಗಾಳಿಯ ಒತ್ತಡವನ್ನು ಮುಳ್ಳಿನಿಂದ ತೋರಿಸುವ ಯಂತ್ರ ನೋಡಿಕೊಳ್ಳುವುದು ಅವರ ಕೆಲಸ. ಹೋಗುತ್ತಾ ಬರುತ್ತಾ ಅದರ ಗಾಜನ್ನು ಬೆರಳಿನಿಂದ ಹೀಗೆ — ಟಕ್, ಟಕ್ — ತಟ್ಟುತ್ತಿದ್ದರು. “ಮುಳ್ಳಣ್ಣ, ಒಳಗಿಂದ ಯಾರಾದ್ರೂ ಬಾಗಿಲು ತೆಗೆದ್ರಾ?” ಎಂದು ರೇಗಿಸುತ್ತಿದ್ದೆವು. “ತೆಗೆದ ದಿನ ನೀವ್ಯಾರೂ ಇಲ್ಲಿ ನಿಂತಿರಲ್ಲ ಕಣ್ರೋ” ಎನ್ನುತ್ತಿದ್ದರು.

ಒಮ್ಮೆ ಊಟದ ತಟ್ಟೆಯಲ್ಲಿ ನೀರು ಹಾಕಿ, ಈ ಅಂಚಿನಿಂದ ಆ ಅಂಚಿನವರೆಗೆ ಊದುತ್ತಾ ಹೋದರು. ನೀರು ನನ್ನ ಅಂಗಿಗೇ ಹಾರಿತು. “ನೋಡ್ದಾ? ಭೂಮಿ ನಡುಗಲೇಬೇಕು ಅಂತೇನಿಲ್ಲ. ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಜಿಗಿದು, ಆ ಜಿಗಿತ ನೀರಿನ ಮೇಲೆ ಓಡಿ ಬಂದ್ರೆ, ಅಲೆ ಅದರ ಜೊತೆಗೇ ಬೆಳೀತಾ ಬರುತ್ತೆ.”

ಈಗ ನಮ್ಮ ಹೊಲಸು ಹೇಳುತ್ತೇನೆ.

ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಮುಳ್ಳು ಎಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಐದಕ್ಕೆ ಎಲ್ಲರಿಗೂ ಮನೆಯ ಅವಸರ. ಅದಕ್ಕೇ ಐದರ ಲೆಕ್ಕವನ್ನೂ ಎಂಟಕ್ಕೇ ಬರೆದಿಡುತ್ತಿದ್ದೆವು. ಅಕ್ಷರ ದುಂಡಗಿದೆ ಎಂದು ನನ್ನ ಕೈಯಲ್ಲಿ ಬರೆಸುತ್ತಿದ್ದರು. ಮುಳ್ಳಣ್ಣ ಬೈಯುತ್ತಿದ್ದರು. ನಾನು ಬರೆಯುತ್ತಿದ್ದೆ.

ಅವತ್ತು ನಾಲ್ಕು ಗಂಟೆ. ಒಳ್ಳೆಯ ಬಿಸಿಲು. ದೂರದಲ್ಲಿ ಕಪ್ಪು ಮೋಡದ ಒಂದು ಪಟ್ಟಿ, ಅಷ್ಟೇ. ಮುಳ್ಳಣ್ಣ ಓಡಿ ಬಂದರು. “ಸಾರ್, ಮುಳ್ಳು ಜಿಗೀತಾ ಇದೆ. ಕೆಂಪು ಬಾವುಟ ಏರಿಸ್ಬೇಕು, ಜೆಟ್ಟಿ ಖಾಲಿ ಮಾಡಿಸ್ಬೇಕು.”

ನಮ್ಮ ಕಚೇರಿಯ ಸಾಹೇಬರು ರಿಜಿಸ್ಟರ್ ತೆರೆದು ಐದರ ಸಾಲಿನ ಮೇಲೆ ಬೆರಳಿಟ್ಟರು. “ಐದಕ್ಕೆ ಎಲ್ಲಾ ಸರಿಯಾಗಿದೆ ಅಂತ ಇಲ್ಲೇ ಬರೆದಿದೆಯಲ್ಲಯ್ಯಾ. ನಾಲ್ಕಕ್ಕೆ ನಿಂದೇನು ಗಲಾಟೆ?”

ಎಲ್ಲರೂ ನಕ್ಕರು. — ನಾನೂ ನಕ್ಕೆ.

ಬಾವುಟದ ಕಪಾಟಿನ ಕೀಲಿ ಸಾಹೇಬರ ಮೇಜಿನೊಳಗಿತ್ತು. ದೋಣಿ ಕಟ್ಟುವ ಜೆಟ್ಟಿಗೆ ಮುಳ್ಳಣ್ಣ ಬರಿಗೈಯಲ್ಲಿ ಓಡಿದರು. ಗಂಟಲು ಹರಿಯುವ ಹಾಗೆ ಕೂಗಿ ಜನರನ್ನು ಎಬ್ಬಿಸಿದರು. ನೀರು ಒಮ್ಮೆ ಹಿಂದೆ ಸರಿಯಿತು. ದೋಣಿಗಳು ಕೆಸರಿನ ಮೇಲೆ ಕೂತವು. ಆಮೇಲೆ — ಬಂತು. ಬಲೆ ಹೆಣೆಯುವ ಅಜ್ಜಿ ಇಲ್ಲೇ ಕೂತಿದ್ದಾರೆ. ಅವರನ್ನು ಮೆಟ್ಟಿಲ ಮೇಲಕ್ಕೆ ದೂಡಿದ ಕೈ ಮತ್ತೆ ಕಾಣಲಿಲ್ಲ.

ಈಗ ತಾನೇ ಸಾಹೇಬರು ಇದೇ ವೇದಿಕೆಯಿಂದ “ಮುನ್ಸೂಚನೆಯಿಲ್ಲದೆ ಬಂದ ಅಲೆ” ಎಂದರು. ಸುಳ್ಳು. ಅಲೆ ಹೇಳಿಯೇ ಬಂತು. ಕೆಲಸದ ಜಾಗ ಬಿಟ್ಟು ಹೋದದ್ದು ಮುಳ್ಳಣ್ಣನದೇ ತಪ್ಪು ಎಂದು ಅತ್ತಿಗೆಗೆ ಕಾಗದವನ್ನೂ ಕೊಟ್ಟಿದ್ದಾರೆ. ಅದಕ್ಕೆ ಸಾಕ್ಷಿ ಏನು? ಐದಕ್ಕೂ ಎಲ್ಲಾ ಸರಿಯಿತ್ತು ಎನ್ನುವ ನನ್ನ ದುಂಡನೆಯ ಅಕ್ಷರ. ಛೀ! ಆ ಪಟಕ್ಕೆ ಇವರು ಹಾಕಿದ ಹಾರ ನೋಡಿದರೆ ಹೇಸಿಗೆಯಾಗುತ್ತದೆ. ನನ್ನ ಈ ಕೈ ನೋಡಿಕೊಂಡರೆ ಅದಕ್ಕಿಂತ ಹೇಸಿಗೆ.

ಅತ್ತಿಗೆ, ಆ ಸಾಲು ಬೆಳಗ್ಗೆ ಎಂಟಕ್ಕೆ ಬರೆದದ್ದು. ಬರೆದವನು ನಾನು. ಎಲ್ಲಿಗೆ ಕರೆದರೂ ಬಂದು ಇದನ್ನೇ ಹೇಳುತ್ತೇನೆ.

ಅವರು ಬಂದು ಹೇಳಿದ ಮೇಲೆ ಅಲೆ ಬರಲು ಹನ್ನೊಂದು ನಿಮಿಷವಿತ್ತು. ಬಾವುಟ ಏರಿಸಲು ಒಂದು ನಿಮಿಷ ಸಾಕಿತ್ತು. ಇವತ್ತಿನ ಕಾರ್ಯಕ್ರಮದ ಹಾಳೆಯಲ್ಲಿ ಎರಡು ನಿಮಿಷದ ಮೌನ ಎಂದಿದೆ — ಅದೂ ಮೊದಲೇ ಬರೆದಿಟ್ಟದ್ದು. ಬೇಡ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಹನ್ನೊಂದು ನಿಮಿಷ ಮಾತಿಲ್ಲದೆ ನಿಲ್ಲೋಣ, ಅದು ಎಷ್ಟು ಉದ್ದವಿದೆ ನೋಡೋಣ.

ಅಜ್ಜಿ, ನೀವು ಕೂತಿರಿ.

ಸಾಹೇಬರೇ — ಗಡಿಯಾರ ನೀವೇ ನೋಡಿ.