ಕೇಳಿಸಿತೆಂದು ನಾನು ಹೇಳಿದ ಸದ್ದು

ಹೆಸರು: ಶಾರ್ಶೆನ್‌ಬೆಕ್ ಮುಕಾಯೆವ್. ವಯಸ್ಸು: 63 ವರ್ಷ. ಉದ್ಯೋಗ: ವಾಹನ ರಿಪೇರಿ. ವಾಸ: ದನದ ಸಂತೆಯ ಹಿಂದಿನ ಬೀದಿ, ಆತ್‌ಬಾಶಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನಾನು ಮೂವತ್ತೆಂಟು ವರ್ಷಗಳಿಂದ ಮನೆಯಂಗಳದ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡಿಕೊಂಡು ಬಂದಿರುತ್ತೇನೆ. ತಾವು ಹಿಡಿದಿಟ್ಟಿರುವ ಮೆಲಿಸ್ ನಮ್ಮೂರಿನಿಂದ ನಾರಿನ್ ಪಟ್ಟಣಕ್ಕೆ ಪ್ರಯಾಣಿಕರನ್ನು ಕರೆದೊಯ್ಯುವ ಚಾಲಕ. ಅವನ ಜೀಪು ಇಪ್ಪತ್ತೈದು ವರ್ಷ ಹಳೆಯದು. ಹನ್ನೊಂದು ವರ್ಷಗಳಿಂದ ಅದನ್ನು ನನ್ನ ಬಳಿಗೇ ತರುತ್ತಾನೆ.

ದಿನಾಂಕ 9-11-2023, ಗುರುವಾರ ಬೆಳಿಗ್ಗೆ 10 ಗಂಟೆಗೆ ಮೆಲಿಸ್ ಗಾಡಿ ತಂದನು. ವೇಗ ಅರವತ್ತು ದಾಟಿದರೆ ಹಿಂದುಗಡೆಯಿಂದ ಕುಯ್ಯೆಂದು ಸದ್ದು ಬರುತ್ತದೆಂದೂ, ಒಂದು ವಾರದಿಂದ ಹೀಗಾಗಿದೆಯೆಂದೂ ಹೇಳಿದನು. ಚಳಿಗಾಲದ ಟೈರುಗಳನ್ನು ಹಾಕಿಸಿದ್ದೂ ಅದೇ ವಾರ. ನಾನು ಗಾಡಿಯ ಕೆಳಗೆ ಮಲಗಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿ ಹಿಡಿದು ಅಲ್ಲಾಡಿಸಿ ನೋಡಿದೆನು. ಸಡಿಲವಿರಲಿಲ್ಲ. ಜಾಕ್ ಕೊಟ್ಟು ಚಕ್ರಗಳನ್ನು ಕೈಯಲ್ಲಿ ತಿರುಗಿಸಿದೆನು. ಚಕ್ರದ ಬೇರಿಂಗುಗಳು ಸರಿಯಿದ್ದವು. ಉಳಿದದ್ದು ಎರಡೇ: ಒಂದೋ ಟೈರಿನ ಸದ್ದು, ಇಲ್ಲವೋ ಹಿಂದಿನ ಎರಡು ಚಕ್ರಗಳ ನಡುವಿನ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್ ಒಳಗಿನ ಬೇರಿಂಗಿನದು. ಟೈರಿನದಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸದ್ದು ಹಾಗೆಯೇ ಇರುತ್ತದೆ. ಬೇರಿಂಗಿನದಾದರೆ ಬದಲಾಗುತ್ತದೆ. ಅದನ್ನು ಓಡಿಸಿ, ಕಿವಿಯಿಂದಲೇ ತಿಳಿಯಬೇಕು.

10.40ಕ್ಕೆ ನಾರಿನ್ ರಸ್ತೆಯಲ್ಲಿ ಆರು ಕಿಲೋಮೀಟರ್ ಹೋದೆವು. ನಾನು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದೆನು. ನಾಲ್ಕನೇ ಕಿಲೋಮೀಟರಿನಲ್ಲಿ ಮೆಲಿಸ್ ಕಾಲು ತೆಗೆದು, "ಈಗ ಕೇಳಿ ಅಣ್ಣ, ಬದಲಾಯ್ತಲ್ಲ?" ಎಂದನು. ನನಗೆ ಬದಲಾದದ್ದೂ ಕೇಳಿಸಲಿಲ್ಲ, ಮೊದಲಿನದೂ ಕೇಳಿಸಿರಲಿಲ್ಲ. ಎರಡು ವರ್ಷಗಳಿಂದ ಸಣ್ಣ ದನಿಯ ಸದ್ದುಗಳು ನನಗೆ ಕೇಳಿಸುವುದಿಲ್ಲ. ಇದು ನನ್ನ ಹೆಂಡತಿ ಬಾತ್ಮಾಳಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆನು.

ನಾನು, "ಕೇಳಿಸ್ತು. ಟೈರಿಂದೇ ಕಣೋ. ಹೊಸ ಬೂಟು ಹಾಕ್ಕೊಂಡ ಮುದುಕನ ಹಾಗೆ ಗೊಣಗ್ತಾ ಇದೆ, ಹೋಗು" ಎಂದೆನು. ಅವನು ನಕ್ಕನು. ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿ ನೋಡಿದ್ದರೆ ಬೇರಿಂಗ್ ಸವೆದು ಉದುರಿದ ಕಬ್ಬಿಣದ ಪುಡಿ ಸಿಗುತ್ತಿತ್ತು. ಇಪ್ಪತ್ತು ನಿಮಿಷದ ಕೆಲಸ. ಕೇಳಿಸಿತು ಎಂದ ಮೇಲೆ ಎಣ್ಣೆ ಇಳಿಸಿದರೆ ಅನುಮಾನ ಬಂದೀತೆಂದು ಇಳಿಸಲಿಲ್ಲ.

ದಿನಾಂಕ 12-11-2023, ಭಾನುವಾರ ಸಂಜೆ 4.20ಕ್ಕೆ ಕಣಿವೆದಾರಿಯ ಇಳಿಜಾರಿನಲ್ಲಿ ಆ ಬೇರಿಂಗ್ ಕಚ್ಚಿಕೊಂಡು, ಹಿಂದಿನ ಚಕ್ರಗಳು ನಿಂತು, ಗಾಡಿ ರಸ್ತೆಯಿಂದ ಹದಿನಾಲ್ಕು ಮೀಟರ್ ಕೆಳಗೆ ಜಾರಿತು. ಒಳಗಿದ್ದವರು ಮೆಲಿಸ್ ಮತ್ತು ಗುಲ್ಸುನ್ ಎಂಬ 57 ವರ್ಷದ ಹೆಂಗಸು. ಆಕೆ ಉಣ್ಣೆ ತಟ್ಟಿ ಕಂಬಳಿ ಮಾಡಿ ಮಾರುವವಳು. ಆಕೆಯ ಸೊಂಟದ ಮೂಳೆ ಮುರಿದಿದೆ. ನನಗೆ ಈ ಸುದ್ದಿ 6.30ಕ್ಕೆ ತಿಳಿಯಿತು. ಆಗ ನಾನು ಚಹಾ ಕುಡಿಯುತ್ತಿದ್ದೆನು.

ಮರುದಿನ ಬೆಳಿಗ್ಗೆ 9ಕ್ಕೆ ಇದೇ ಠಾಣೆಗೆ ಬಂದು ಮೆಲಿಸ್‌ನನ್ನು ಕಂಡೆನು. ಗಾಡಿಯನ್ನು ಯಾರಿಗೂ ತೋರಿಸಿರಲಿಲ್ಲವೆಂದು ಅವನು ಬರೆಸಿದ್ದನು. ಯಾಕೆ ಹಾಗೆ ಬರೆಸಿದೆಯೆಂದು ಕೇಳಿದೆನು. ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದನು: "ಅಣ್ಣ, ನಿಮಗೆ ಕೇಳಿಸಲ್ಲ ಅಂತ ಊರಿಗೆಲ್ಲ ಗೊತ್ತು. ನಿಮ್ಮ ಹತ್ರ ತೋರಿಸಿ, ಆಮೇಲೆ ನಾರಿನ್‌ನಲ್ಲಿ ಇನ್ನೊಬ್ಬರ ಹತ್ರ ತೋರಿಸ್ತೀವಿ. ಎಲ್ಲರೂ ಹಾಗೇ ಮಾಡೋದು. ಈ ಸಲ ನನಗೆ ಪುರುಸೊತ್ತಾಗಲಿಲ್ಲ, ಅಷ್ಟೇ. ಮನೆಗೆ ಹೋಗಿ."

ನಾನು ಮನೆಗೆ ಹೋದೆನು. ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಎರಡು ವರ್ಷಗಳಲ್ಲಿ ಬಂದು ಹೋದ ಗಾಡಿಗಳನ್ನು ಒಂದೊಂದಾಗಿ ನೆನೆದೆನು. ಯಾವುದರಲ್ಲಿಯೂ ನನ್ನ ಮಾತು ನಿಜವಾಗಿತ್ತೋ ಇಲ್ಲವೋ ನನಗೆ ಹೇಳಲಾಗದು. ಊರಿಗೆಲ್ಲ ತಿಳಿದಿರುವುದು ನಿನಗೂ ಗೊತ್ತಿತ್ತೇ ಎಂದು ಬಾತ್ಮಾಳನ್ನು ಕೇಳಿದ್ದಕ್ಕೆ, ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ ಹೌದೆಂದು ತಲೆಯಾಡಿಸಿದಳು.

ಇಂದು 14ರಂದು ಬೆಳಿಗ್ಗೆ 11ಕ್ಕೆ ಆಸ್ಪತ್ರೆಗೆ ಹೋಗಿ ಗುಲ್ಸುನ್‌ಳಿಗೆ ನಡೆದದ್ದನ್ನೆಲ್ಲ ಹೇಳಿದೆನು. ಬೈಯುತ್ತಾಳೆಂದುಕೊಂಡಿದ್ದೆನು. ಆಕೆ, "ಹಿಂದೆ ಕೂತೋಳಿಗೆ ನನಗೇ ಕೇಳಿಸ್ತಾ ಇತ್ತಲ್ಲಪ್ಪ. ಗಾಡಿ ಬಲ್ಲ ಗಂಡಸರು ನೋಡ್ಕೊಂಡಿರ್ತಾರೆ ಅಂತ ಸುಮ್ಮನಿದ್ದೆ" ಎಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಮಧ್ಯಾಹ್ನ 2ಕ್ಕೆ ತಮ್ಮ ಪೇದೆಯವರ ಎದುರಿಗೆ ಆ ಗಾಡಿಯ ಎಣ್ಣೆ ಇಳಿಸಿದೆನು. ಬೇರಿಂಗಿನ ಐದು ಚೂರುಗಳು ಸಿಕ್ಕವು. ಅವುಗಳನ್ನು ಬಟ್ಟೆಯಲ್ಲಿ ಕಟ್ಟಿ ಒಪ್ಪಿಸಿರುತ್ತೇನೆ.

ಮೆಲಿಸ್ ಗಾಡಿ ತೋರಿಸಿದ್ದನು. ನೋಡಿದವನು ನಾನು. ಸರಿಯಿದೆಯೆಂದು ಕಳಿಸಿದವನೂ ನಾನೇ. ಅವನು ಬೇರೆ ಏನೇ ಬರೆಸಿದ್ದರೂ ಅದು ನನ್ನ ಮರ್ಯಾದೆ ಉಳಿಸಲು ಬರೆಸಿದ್ದು.

ಈ ಹೇಳಿಕೆಯನ್ನು ಬರೆದುಕೊಂಡ ಅಧಿಕಾರಿಯವರು ನನಗೆ ಎರಡು ಸಲ ಓದಿ ಹೇಳಿದರು. ಕೊನೆಯಲ್ಲಿ 'ಓದಿದ್ದನ್ನು ಕೇಳಿ ಒಪ್ಪಿದ್ದೇನೆ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಬೇಕೆಂದು ನಾನು ಕೇಳಿಕೊಂಡೆನು. ನನಗೆ ಅರ್ಧವೂ ಕೇಳಿಸಲಿಲ್ಲ. ಕನ್ನಡಕ ಹಾಕಿಕೊಂಡು ನಾನೇ ಓದಿದ್ದೇನೆ. ಬರೆದದ್ದೆಲ್ಲ ನಿಜ.

ಸ್ಥಳ: ಆತ್‌ಬಾಶಿ
ದಿನಾಂಕ: 14-11-2023, ಸಂಜೆ 4.45
ಸಹಿ: ಶಾ. ಮುಕಾಯೆವ್