ಕುದುರೆ ಸುತ್ತಿನಲ್ಲಿ ಹಗ್ಗ ಹಿಡಿದದ್ದು

ನಗೋರು ನಗಿ, ನನಗೇನೂ ಬೇಜಾರಿಲ್ಲ. ಇದು ಅವರಿವರು ಹೇಳಿದ್ದಲ್ಲ, ನನ್ನ ಚಿಕ್ಕಪ್ಪನ ಮನೆಯಲ್ಲಿ ಆದದ್ದು. ಮೊದಲು ಆ ಬಾಗಿಲು ಹಾಕ್ಬಿಡಿ.

ಚಿಕ್ಕಪ್ಪ ದೊಡ್ಡಹನುಮಯ್ಯನಿಗೆ ಒಬ್ಬನೇ ಮಗ, ಮುನೇಶ. ಮಾಗಡಿ ಹತ್ತಿರದ ಕಲ್ಯದಲ್ಲಿ ಮನೆ. ಹೋದ ಕಾರ್ತಿಕದಲ್ಲಿ ಒಂದು ದಿನ, ಕತ್ತಲಾದ ಮೇಲೆ, ಅವನು ಹಾಳುಬಾವಿ ಪಕ್ಕದ ಆಲದಮರದ ದಾರಿಯಲ್ಲಿ ಮನೆಗೆ ಬರ್ತಿದ್ದ. ಜೊತೆಗೆ ಸಿದ್ಧಾರ್ಥ ಅಂತ ಬೆಂಗಳೂರಿನವನು. ಈ ಮಹಾರಾಯನಿಗೆ ಒಂದೇ ಹುಚ್ಚು, ಹಳೇ ಕಾಲದ ರೇಸ್ ಕೋರ್ಸ್ ಎಲ್ಲಿದ್ರೂ ಹೋಗಿ ನೋಡೋದು. ಮೈಸೂರಿನದು, ಊಟಿಯದು, ಕಲ್ಕತ್ತೆಯದು ಎಲ್ಲ ಆಗಿತ್ತು. ಒಂದು ಸಲನಾದ್ರೂ ಕುದುರೆ ಮೇಲೆ ದುಡ್ಡು ಕಟ್ಟಿದ್ದೀಯೇನಪ್ಪಾ ಅಂದ್ರೆ, ಇಲ್ಲವಂತೆ. ಸುಮ್ನೆ ನಿಂತು ನೋಡ್ತಾನೆ, ಬರ್ಕೊಳ್ತಾನೆ, ಬರ್ತಾನೆ.

ನಮ್ಮೂರಾಚೆಗೂ ಅಂಥದ್ದೊಂದಿದೆ. ಯಾರೋ ಸಾಹುಕಾರ ರೇಸಿನ ಕುದುರೆ ಪಳಗಿಸೋಕೆ ಮಾಡಿಸಿದ್ದಂತೆ. ಐವತ್ತು ವರ್ಷದಿಂದ ಹಾಳು ಬಿದ್ದಿದೆ. ಈಗ ಉಳಿದಿರೋದು ಲಾಂಟಾನದ ಪೊದೆ, ಮುರಿದ ಕಲ್ಲುಕಂಬ, ನಡುವೆ ದುಂಡಗೆ ಹೋಗೋ ಒಂದು ದಾರಿ. ಕುದುರೆ ಸುತ್ತು ಅಂತೀವಿ. ಮುನೇಶನೇ ಅವನನ್ನ ಕರ್ಕೊಂಡು ಹೋಗಿದ್ದ. ಸಿದ್ಧಾರ್ಥ ಹೆಜ್ಜೆ ಹಾಕಿ ಅಳೆದ, ಕಂಬ ಎಣಿಸಿದ, ಮತ್ತೆ ಅಳೆದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು.

ಆಲದಮರ ದಾಟಬೇಕು... ಆಗ ಸದ್ದು. ಮೊದಲು ಕಿಣ್... ಕಿಣ್... ಕಬ್ಬಿಣದ ಬಳೆಗೆ ಬಳೆ ತಾಗಿದ್ದು. ಆಮೇಲೆ ತೊಗಲು ಬಿಗಿಯೋ ಕಿರ್ರ್. ಆಮೇಲೆ ಕಿವಿ ಪಕ್ಕದಲ್ಲೇ, ಫುರ್ರ್... ದೊಡ್ಡ ಮೂಗಿನ ಉಸಿರು.

ಮರದ ಬುಡದಿಂದ ಒಬ್ಬ ಗಂಡಸು ಮಾತಾಡಿದ. ತುಂಬ ಸೋತ ದನಿ.

"ಒಸಿ ಹಿಡ್ಕಳಣ್ಣ... ನೀರ್ ಕುಡ್ಕಂಡ್ ಬಂದ್ಬುಡ್ತೀನಿ."

ಹಗ್ಗದ ತುದಿ ಕೈಗೆ ತಾಗಿತು. ಮುನೇಶ ಹಿಡ್ಕೊಂಡ. ಯಾಕೆ ಹಿಡ್ಕೊಂಡ ಅಂತ ಕೇಳಬೇಡಿ. ನಮ್ಮ ಕಡೆ ದನದ ಹಗ್ಗ ಕೊಟ್ಟು ಒಸಿ ನೋಡ್ಕೋ ಅಂದ್ರೆ, ನೀನ್ಯಾರು ಅಂತ ಕೇಳೋರಿಲ್ಲ. ಕೈ ತಾನಾಗೇ ಹೋಗುತ್ತೆ. ಕೊಟ್ಟವನು ಬಂದು ತಗೊಳ್ಳೋವರೆಗೂ ಬಿಡೋ ಹಾಗೂ ಇಲ್ಲ. ಹುಟ್ಟಿದಾಗಿಂದ ಬಂದ ಅಭ್ಯಾಸ, ಅದೇ ಅವನಿಗೆ ಮುಳುವಾಯ್ತು.

ಸಿದ್ಧಾರ್ಥ ಮೊಬೈಲ್ ಲೈಟು ಹಾಕಿದ. ಮರದ ಕೆಳಗೆ ಯಾರೂ ಇಲ್ಲ. ಕುದುರೆನೂ ಇಲ್ಲ, ಹಗ್ಗನೂ ಇಲ್ಲ. ಮುನೇಶನ ಬಲಮುಷ್ಟಿ ಎದೆಮಟ್ಟಕ್ಕೆ ಎದ್ದಿದೆ. ಅವನು ತಿರುಗಿ ಕುದುರೆ ಸುತ್ತಿನ ಕಡೆಗೆ ನಡೀತಿದ್ದಾನೆ.

"ಬಿಟ್ಬಿಡಿ ಮುನೇಶ್..."

"ಕೈ ಬಿಚ್ಚಕ್ಕಾಯ್ತಿಲ್ಲ ಸಾ."

"ಏನಿದೆ ಅಲ್ಲಿ?"

"ಮೈಯೆಲ್ಲ ಬೆವ್ತೈತೆ... ಬಿಸಿ ಐತೆ... ನಿಂತ್ರೆ ಎಳೀತದೆ."

ಸಿದ್ಧಾರ್ಥ ಅವನ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದ. ಇಬ್ಬರನ್ನೂ ಸೇರಿಸಿ ಎಳ್ಕೊಂಡು ಹೋಯ್ತು. ಧಪ್... ಧಪ್... ಧಪ್... ಹಸಿ ಮಣ್ಣಿನ ಮೇಲೆ ಗೊರಸಿನ ಸದ್ದು, ಅವನೂ ಕೇಳಿದ್ದಾನೆ. ಕೊನೆಗೆ ಮುನೇಶನೇ ಅಂದ, "ಜೇಬಲ್ಲಿ ಫೋನೈತೆ ಸಾ. ಅಪ್ಪಂಗೆ ಮಾಡಿ."

ಚಿಕ್ಕಪ್ಪ ಬರೋವಾಗ ಒಂಬತ್ತು ದಾಟಿತ್ತು. ಎಪ್ಪತ್ತಾಗಿದೆ, ಎರಡೂ ಮಂಡಿ ಹೋಗಿವೆ. ಹಿಂದೆ ಚಿಕ್ಕಮ್ಮ ಚಿನ್ನಮ್ಮ. ಮಗ ಕುದುರೆ ಸುತ್ತಿನಲ್ಲಿ ಸುತ್ತುತ್ತಲೇ ಇದ್ದ. ಚಪ್ಪಲಿ ಎಲ್ಲೋ ಹೋಗಿ ಅಂಗಾಲು ಒಡೆದು ರಕ್ತ ಬರ್ತಿತ್ತು.

"ಅವ್ವಾ," ಅಂದ, "ನೀರ್ ಕುಡ್ಯಕ್ಕೋದೋನು ಬರ್ನೇ ಇಲ್ಲ ಕಣವ್ವಾ."

ಚಿಕ್ಕಪ್ಪನಿಗೆ ಗೊತ್ತಾಗಿಹೋಯ್ತು. ಹುಡುಗನಾಗಿದ್ದಾಗ ಆ ಸಾಹುಕಾರನ ಕುದುರೆ ಲಾಯಕ್ಕೆ ಹುಲ್ಲು ಹೊತ್ತವನು ಅವನು. ಓಡಿ ಬಂದ ಕುದುರೆಯನ್ನ ಬೆವರಾರೋವರೆಗೂ ನಡೆಸಬೇಕಂತೆ, ಇಲ್ಲದಿದ್ರೆ ಹೊಟ್ಟೆಶೂಲೆ ಬಂದು ಸಾಯುತ್ತಂತೆ. ಒಂದು ಸಂಜೆ ಸಾಹುಕಾರ, ನಾನು ಬರೋವರೆಗೂ ನಡೆಸ್ತಿರು ಅಂತ ಲಾಯದ ಆಳಿಗೆ ಹೇಳಿ ಬೆಂಗಳೂರಿಗೆ ಹೊರಟುಹೋದ. ಹಗ್ಗ ತಗೊಳ್ಳೋಕೆ ಯಾರೂ ಬರಲಿಲ್ಲ. ಎರಡನೇ ದಿನ ಆ ಆಳು ಇದೇ ಹಾಳುಬಾವಿಯ ಹತ್ತಿರ ಸತ್ತು ಬಿದ್ದಿದ್ದ. ಈ ಮಾತನ್ನ ಚಿಕ್ಕಪ್ಪ ಮನೆಯಲ್ಲಿ ಯಾವತ್ತೂ ಬಾಯಿಬಿಟ್ಟಿರಲಿಲ್ಲ. ಬಿಟ್ಟಿದ್ರೆ ಮಗ ಆ ಕಡೆ ಕಾಲಿಡ್ತಿರಲಿಲ್ಲ. ಅದನ್ನ ನೆನೆದರೆ ನನಗೆ ಈಗಲೂ ಚಿಕ್ಕಪ್ಪನ ಮೇಲೆ ಸಿಟ್ಟು ಬರುತ್ತೆ, ಅಳುನೂ ಬರುತ್ತೆ.

ಅವನು ಮಗನ ಪಕ್ಕದಲ್ಲೇ ಕುಂಟ್ಕೊಂಡು ಎರಡು ಸುತ್ತು ನಡೆದ. ಆಮೇಲೆ ಕೈ ಚಾಚಿದ.

"ತತ್ತಾ ಇಲ್ಲಿ."

"ಬ್ಯಾಡ ಕಣಪ್ಪ..."

"ತತ್ತಾ ಮಗ. ನಾನ್ ಹಿಡ್ಕತೀನಿ."

ಮುನೇಶನ ಮುಷ್ಟಿ ಬಿಚ್ಚಿತು. ಅವನು ಅಲ್ಲೇ ಕುಸಿದ. ಚಿಕ್ಕಪ್ಪ ನಡೆದ. ಚಿಕ್ಕಮ್ಮ ಸೆರಗು ಬಾಯಿಗೆ ಒತ್ಕೊಂಡು ಪಕ್ಕದಲ್ಲೇ ನಡೆದಳು. ಬೆಳಗಿನ ಜಾವ, ಮೊದಲ ಕೋಳಿ ಕೂಗಿದಾಗ, ಕಾಲು ತಾನಾಗೇ ನಿಂತಿತು. ಮನೆಗೆ ಬಂದರು. ಆದರೆ ಚಿಕ್ಕಪ್ಪನ ಮುಷ್ಟಿ ಬಿಚ್ಚಲಿಲ್ಲ.

ಇವತ್ತಿಗೂ ಬಿಚ್ಚಿಲ್ಲ. ಮಾಗಡಿಯಲ್ಲಿ ಎಕ್ಸ್‌ರೇ ಆಯ್ತು, ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯ್ತು. ಮೂಳೆ ಸರಿಯಾಗಿದೆ, ನರ ಸರಿಯಾಗಿದೆ ಅಂತ ಚೀಟಿ ಕೊಟ್ರು. ಚಿಕ್ಕಮ್ಮನೇ ಮುದ್ದೆ ಮುರಿದು ಬಾಯಿಗಿಡ್ತಾಳೆ. ಹೊತ್ತು ಮುಳುಗಿದ್ರೆ ಅವನು ಎದ್ದು ಅಂಗಳದಲ್ಲಿ ಸುತ್ತೋಕೆ ಶುರು. ಯಾರು ತಡೆದ್ರೂ ನಿಲ್ಲಲ್ಲ.

ಮುನೇಶ ದಿನಾ ಸಂಜೆ ಎದುರಿಗೆ ನಿಂತು ಕೈ ಚಾಚ್ತಾನೆ. "ಕೊಡಪ್ಪ, ಇವತ್ತೊಂದಿನ ನಾನಿಡ್ಕತೀನಿ."

ಚಿಕ್ಕಪ್ಪ ಮುಷ್ಟಿಯನ್ನ ಬೆನ್ನ ಹಿಂದಕ್ಕೆ ಹಾಕ್ಕೊಳ್ತಾನೆ. "ನಿಂಗಲ್ಲ ಕಣ್ಲಾ. ನೀನ್ ಅತ್ಲಾಗೋಗು."

ಸುಳ್ಳು ಅನ್ನೋರು ಕಲ್ಯಕ್ಕೆ ಬನ್ನಿ, ತೋರಿಸ್ತೀನಿ. ದಿನಾ ಬೆಳಿಗ್ಗೆ ಚಿಕ್ಕಪ್ಪನ ಅಂಗಿಯ ಬಲಭುಜ ಒದ್ದೆಯಾಗಿರುತ್ತೆ. ನೊರೆನೊರೆ, ಅಂಟು. ಅದರೊಳಗೆ ಅಗಿದ ಹಸಿ ಹುಲ್ಲಿನ ಚೂರು. ಹೋದ ವಾರ ನಾನೇ ಎರಡು ಅಂಗಿ ಒಗೆದು ಹಾಕಿ ಬಂದೆ.