ಎರಡು ಬೆರಳ ಕೊಸರು

ಹೆಸರು ಚಿಕ್ಕನಿಂಗಮ್ಮ, ಗಂಡ ದಿವಂಗತ ಬಸವಣ್ಣ, ವಯಸ್ಸು ಸುಮಾರು ಐವತ್ತೆರಡು, ಕಸುಬು ಬಿದಿರಿನಿಂದ ಮೊರ, ತಟ್ಟೆ, ಪುಟ್ಟಿ ಹೆಣೆಯುವುದು. ವಾಸ ಹುಣಸೆದೊಡ್ಡಿ, ರಾಮಾಪುರ ಠಾಣೆಯ ಸರಹದ್ದು, ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ. ನನ್ನನ್ನು ಯಾರೂ ಕರೆಸಲಿಲ್ಲ. ಈ ದಿನ ಬೆಳಿಗ್ಗೆ ಎರಡೂವರೆ ಮೈಲಿ ನಡೆದು ನಾನಾಗಿಯೇ ಠಾಣೆಗೆ ಬಂದು, ಒಂದು ಬಿದಿರು ತಟ್ಟೆಯನ್ನು ಹಾಜರುಪಡಿಸಿ, ಹೆಡ್ ಕಾನ್‌ಸ್ಟೇಬಲ್ ಸಾಹೇಬರ ಮುಂದೆ ಹೇಳಿ ಬರೆಸುವುದೇನೆಂದರೆ:

ನಮ್ಮೂರಿನ ಸಿದ್ದಮಲ್ಲಪ್ಪನವರು ಮೊನ್ನೆ ಗುರುವಾರ ಸಂಜೆ ಇದೇ ಠಾಣೆಗೆ ಬಂದು, ದನ ಕಾಯುವ ಪುಟ್ಟಮಾದಪ್ಪನ ಕಾಲಿಗೆ ಗುಂಡು ತಾಗಿದ್ದು ತಮ್ಮ ತಪ್ಪಿನಿಂದ ಎಂದು ಬರೆದುಕೊಟ್ಟು, ತಮ್ಮ ರೈಫಲ್ಲನ್ನೂ ಲೈಸೆನ್ಸನ್ನೂ ಒಪ್ಪಿಸಿ ಹೋಗಿರುತ್ತಾರೆ. ಅವರ ಮೇಲೆ ಕೇಸಾಗುತ್ತದೆ, ಪಿಂಚಣಿಗೂ ಕುತ್ತು ಬರುತ್ತದೆ ಎಂದು ಊರಿನಲ್ಲಿ ಮಾತಾಗುತ್ತಿದೆ. ಅವರು ಬರೆದುಕೊಟ್ಟದ್ದು ಪೂರ್ತಿ ನಿಜವಲ್ಲ. ಒಂದು ಸಂಗತಿಯನ್ನು ಬಿಟ್ಟಿದ್ದಾರೆ. ಅದನ್ನು ಹೇಳುವುದಕ್ಕೆ ನಾನು ಬಂದಿದ್ದೇನೆ.

ಸಿದ್ದಮಲ್ಲಪ್ಪನವರು ಪಟಾಲಮ್ಮಿನಲ್ಲಿ ಇಪ್ಪತ್ತೊಂದು ವರ್ಷ ಇದ್ದು, ಕೊನೆಯ ಒಂಬತ್ತು ವರ್ಷ ಸಿಪಾಯಿಗಳಿಗೆ ಗುರಿ ಕಲಿಸುವ ಹವಾಲ್ದಾರರಾಗಿ, ಈಗ್ಗೆ ಎರಡು ವರ್ಷದ ಹಿಂದೆ ಊರಿಗೆ ಬಂದರು. ನಮ್ಮ ಹೊಲಗಳು ಹಳ್ಳದ ಆಚೆ ದಡದಲ್ಲಿವೆ. ಕಾಡುಹಂದಿಗಳು ಅಲ್ಲಿಗೇ ಇಳಿಯುತ್ತವೆ. ಹತ್ತಿರ ಹೋಗುವಷ್ಟರಲ್ಲಿ ಓಡಿಹೋಗುತ್ತವೆ. ಈಚೆಯ ಬಂಡೆಯಿಂದಲೇ ಹೊಡೆಯಬೇಕು. ಆದರೆ ಆಚೆ ದಡದಲ್ಲಿ ದನ ಕಾಯುವವರೂ ಓಡಾಡುತ್ತಾರೆ. ಆದ್ದರಿಂದ ಹವಾಲ್ದಾರರು ಎಷ್ಟು ಗಜ ದೂರಕ್ಕೆ ಎಂದು ಚೀಟಿ ಕೊಟ್ಟರೆ ಅಷ್ಟು ದೂರಕ್ಕೆ ಮಾತ್ರ ಹೊಡೆಯಬೇಕು, ಚೀಟಿಯಿಲ್ಲದವರು ರೈಫಲ್ ಎತ್ತಲೇಬಾರದು ಎಂದು ಊರಿನವರು ಸೇರಿ ಕಟ್ಟು ಮಾಡಿದರು.

ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ದಿನ ಹವಾಲ್ದಾರರು ನನ್ನ ಗುಡಿಸಲಿಗೆ ಬಂದು ದುಂಡನೆಯ ತಟ್ಟೆಗಳು ಬೇಕೆಂದರು. ಒಂದು ಗೇಣು ಅಗಲದ್ದು, ಎರಡು ಗೇಣಿನದು, ಮೂರು ಗೇಣಿನದು. ಏನು ಒಣಹಾಕಲಿಕ್ಕೆ ಎಂದು ಕೇಳಿದೆ. ತೂತು ಮಾಡಲಿಕ್ಕೆ ಎಂದರು. ನಾನು ನಕ್ಕುಬಿಟ್ಟೆ. ಕೈ ನೋಯಿಸಿಕೊಂಡು ಹೆಣೆದದ್ದನ್ನು ತೂತು ಮಾಡುವ ಗಿರಾಕಿಯನ್ನು ಅದೇ ಮೊದಲು ನೋಡಿದ್ದು ಎಂದು ಅವರ ಮುಖಕ್ಕೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ತಟ್ಟೆಗಳಿಗೆ ಸಗಣಿ ಬಳಿದು, ಒಣಗಿದ ಮೇಲೆ ಸುಣ್ಣ ಹಚ್ಚಿ, ನಡುವೆ ಮಸಿಯ ಬೊಟ್ಟಿಟ್ಟು ಕೊಡುತ್ತಿದ್ದೆ. ಮೊದಲ ಆರು ತಟ್ಟೆಗಳನ್ನು ಹವಾಲ್ದಾರರು ತಮ್ಮ ಪಟ್ಟಿಯಿಂದ ಅಳೆದರು. ನಾನು ಅಳೆದದ್ದು ನನ್ನ ಗೇಣಿನಿಂದ. ಅವರ ಪಟ್ಟಿಯ ಒಂಬತ್ತು ಅಂಗುಲಕ್ಕೂ ನನ್ನ ಗೇಣಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರಲಿಲ್ಲ. ಏಳನೆಯದಕ್ಕೆ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಚಿಕ್ಕನಿಂಗಮ್ಮನ ಕೈಗೆ ಪಟ್ಟಿ ಹಿಡಿಯಬೇಕಾಗಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರು. ನನ್ನ ಕೆಲಸಕ್ಕೆ ಅಂಥ ಮಾತನ್ನು ನನ್ನ ಗಂಡನೂ ಆಡಿದವನಲ್ಲ. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಹಿಗ್ಗಾಗಿತ್ತು.

ಸೋಮವಾರ ನಮ್ಮಲ್ಲಿ ಎತ್ತು ಕಟ್ಟುವುದಿಲ್ಲ, ಹಳ್ಳದ ಆಚೆಗೆ ದನವನ್ನೂ ಬಿಡುವುದಿಲ್ಲ. ಅದಕ್ಕೆ ಗುರಿ ಅಭ್ಯಾಸವನ್ನು ಸೋಮವಾರಕ್ಕೇ ಇಟ್ಟುಕೊಂಡಿದ್ದರು. ಒಂದು ಸೋಮವಾರ ನಾನೂ ನೋಡಲು ಹೋದೆ. ನೂರು ಗಜದಲ್ಲಿ ಒಂದು ಗೇಣಿನ ತಟ್ಟೆ, ಇನ್ನೂರರಲ್ಲಿ ಎರಡು ಗೇಣಿನದು, ಮುನ್ನೂರರಲ್ಲಿ ಮೂರು ಗೇಣಿನದು ಕಟ್ಟಿಸಿದ್ದರು. ನನ್ನನ್ನು ಬಂಡೆಯ ಮೇಲೆ ಮಲಗಿಸಿ ನೋಡೆಂದರು. ಈ ವಯಸ್ಸಿನಲ್ಲಿ ಬೋರಲು ಮಲಗಿದ್ದಕ್ಕೆ ನಾಚಿಕೆಯಾಯಿತಾದರೂ ನೋಡಿದೆ. ಮೂರು ತಟ್ಟೆಗಳೂ ಒಂದೇ ಅಳತೆಯವಾಗಿ ಕಂಡವು. ನಾನೇ ಹೆಣೆದ ತಟ್ಟೆಗಳನ್ನು ನನ್ನ ಕಣ್ಣು ನಂಬಲಿಲ್ಲ.

ಹೀಗೇಕೆ ಎಂದು ಕೇಳಿದೆ. ಕೈ ಅಲುಗಿದರೆ ನೂರು ಗಜದಲ್ಲಿ ಒಂದು ಬೆರಳು ತಪ್ಪುವ ಗುಂಡು ಮುನ್ನೂರರಲ್ಲಿ ಮೂರು ಬೆರಳು ತಪ್ಪುತ್ತದೆ, ಕಲಿಯುವವನಿಗೆ ಎಲ್ಲ ದೂರದಲ್ಲೂ ಒಂದೇ ಕಷ್ಟ ಇರಬೇಕು, ಹೆಚ್ಚು ದೊಡ್ಡದಿಟ್ಟರೆ ಜಂಬ ಬರುತ್ತದೆ, ಹೆಚ್ಚು ಚಿಕ್ಕದಿಟ್ಟರೆ ಎದೆಗುಂದುತ್ತಾನೆ ಎಂದು ಬಿಡಿಸಿ ಹೇಳಿದರು. ಬಿದಿರು ಸೀಳುವವಳಿಗೆ ಇದು ಅರ್ಥವಾಗದೇ ಇರುತ್ತದೆಯೇ. ಗೆಣ್ಣಿನಲ್ಲಿ ಕತ್ತಿ ಎಳ್ಳಿನಷ್ಟು ವಾಲಿದರೆ ತುದಿ ಮುಟ್ಟುವಷ್ಟರಲ್ಲಿ ಸೀಳು ಬೆರಳಗಲ ಓಡಿಹೋಗಿರುತ್ತದೆ. ಆ ಮೇಲೆ ಅವರು ತಾವೇ ಮಲಗಿ, ಉಸಿರು ಅರ್ಧ ಬಿಟ್ಟು, ಮುನ್ನೂರು ಗಜಕ್ಕೆ ಐದು ಸಲ ಹೊಡೆದರು. ತಟ್ಟೆ ತಂದು ನೋಡಿದರೆ ಐದು ತೂತುಗಳನ್ನೂ ನನ್ನ ಒಂದು ಅಂಗೈಯಿಂದ ಮುಚ್ಚಬಹುದಾಗಿತ್ತು. ಕೆಲಸ ಬಲ್ಲ ಕೈಯನ್ನು ನಾನು ಕಂಡರೆ ಗುರುತಿಸುತ್ತೇನೆ. ಅಂಥ ಕೈಯನ್ನು ನಮ್ಮ ಸೀಮೆಯಲ್ಲಿ ನಾನು ಬೇರೆ ಕಂಡಿಲ್ಲ.

ಚೀಟಿ ಕೊಡುವ ಪರೀಕ್ಷೆಗೆ ಮಾತ್ರ ಅವರ ಲೆಕ್ಕವೇ ಬೇರೆ. ಎಷ್ಟು ದೂರವಾದರೂ ತಟ್ಟೆ ಒಂದೇ ಗೇಣಿನದು. ಐದಕ್ಕೆ ಐದೂ ತಟ್ಟೆಯೊಳಗೆ ಬೀಳಬೇಕು. ಎಷ್ಟು ದೂರದವರೆಗೆ ಬೀಳುತ್ತದೋ ಅಷ್ಟಕ್ಕೇ ಚೀಟಿ. ಶಿವರುದ್ರಸ್ವಾಮಿಯವರು ಊರಿನ ದೊಡ್ಡ ಜಮೀನುದಾರರು, ರೈಫಲ್ ಲೈಸೆನ್ಸ್ ಪಡೆದು ಆರು ತಿಂಗಳಿಂದ ಕಲಿಯುತ್ತಿದ್ದರು. ಇನ್ನೂರು ಗಜಕ್ಕೂ ಒಂದೇ ಗೇಣು ಎಂದರೆ ಅನ್ಯಾಯವಾಯಿತೆಂದು ಅವರು ತಕರಾರು ತೆಗೆದಾಗ ಹವಾಲ್ದಾರರು ಹೇಳಿದ ಮಾತು ಹೀಗಿದೆ.

"ಅಂದಿ ದೂರ ಓದ್ರೆ ದೊಡ್ಡದಾಯ್ತದಾ ಸ್ವಾಮಿ? ಎಲ್ ನಿಂತ್ರೂ ಅದ್ರ ಜೀವ ಇರೋದು ಒಂದ್ ಗೇಣಲ್ಲೇ."



ಈ ತಿಂಗಳು ಏಳನೇ ತಾರೀಕು ಶನಿವಾರ ಹವಾಲ್ದಾರರು ಬಂದು, ಸೋಮವಾರ ಶಿವರುದ್ರಸ್ವಾಮಿಯವರಿಗೆ ಇನ್ನೂರು ಗಜದ ಪರೀಕ್ಷೆ ಇದೆ, ಒಂದು ಗೇಣಿನ ತಟ್ಟೆ ಬೇಕು ಎಂದರು. ಅವರು ಹೋದ ಮೇಲೆ ಹೆಣೆಯಲು ಕೂತೆ. ಶಿವರುದ್ರಸ್ವಾಮಿಯವರ ಹೆಂಡತಿ ಚನ್ನಾಜಮ್ಮನವರು ನನ್ನ ಮಗಳ ಬಾಣಂತನದಲ್ಲಿ ಮೂರು ತಿಂಗಳು ದಿನವೂ ಹಾಲು ಕಳಿಸಿದ ತಾಯಿ. ಒಳ್ಳೆಯದು ಮಾಡಿದವರ ಮನೆಗೆ ಹೋಗುವ ಮೊರಕ್ಕೆ ಎರಡು ಬೆರಳು ಕೊಸರು ಹೆಣೆದುಕೊಡುವುದು ನಮ್ಮ ಅತ್ತೆಯ ಕಾಲದಿಂದ ಬಂದದ್ದು. ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಒಂದು ಗೇಣಿಗೆ ಸರಿಯಾಗಿ ಹೆಣೆದು, ಅಂಚು ಬಿಚ್ಚದಂತೆ ಸುತ್ತಲೂ ಕಟ್ಟು ಹಾಕಿದೆ. ಆ ಮೇಲೆ ಚನ್ನಾಜಮ್ಮನವರ ಮುಖ ನೆನಪಾಗಿ, ಕಟ್ಟಿನ ಹೊರಗೆ ಸುತ್ತಲೂ ಒಂದೊಂದು ಬೆರಳು ಬೆಳೆಸಿದೆ. ಅಡ್ಡಗಲಕ್ಕೆ ಎರಡು ಬೆರಳು ಹೆಚ್ಚಾಯಿತು. ಮೇಲೆ ಸಗಣಿ ಸುಣ್ಣ ಬಳಿದದ್ದರಿಂದ ಕಟ್ಟು ಮುಚ್ಚಿಹೋಯಿತು. ಹಾಗೆ ಮಾಡೆಂದು ಚನ್ನಾಜಮ್ಮನವರಾಗಲಿ ಅವರ ಯಜಮಾನರಾಗಲಿ ನನಗೆ ಹೇಳಿರಲಿಲ್ಲ.

ಒಂಬತ್ತನೇ ತಾರೀಕು ಸೋಮವಾರ ಪರೀಕ್ಷೆ ಆಯಿತು. ನಾನೂ ಇದ್ದೆ. ಹವಾಲ್ದಾರರು ತಟ್ಟೆಯನ್ನು ನನ್ನ ಕೈಯಿಂದಲೇ ಈಸಿಕೊಂಡು, ಅಳೆಯದೆ, ಇನ್ನೂರು ಗಜದ ಗೂಟಕ್ಕೆ ಕಟ್ಟಿಸಿದರು. ಐದೂ ಗುಂಡು ತಟ್ಟೆಗೆ ಬಿದ್ದವು. ಹವಾಲ್ದಾರರು ಅಲ್ಲೇ ಚೀಟಿ ಬರೆದುಕೊಟ್ಟರು. ಚನ್ನಾಜಮ್ಮನವರು ನಮಗೆಲ್ಲ ಬೆಲ್ಲ ಹಂಚಿದರು. ನಾನೂ ತಿಂದೆ. ತಟ್ಟೆಯನ್ನು ಮತ್ತೆ ಸುಣ್ಣ ಬಳಿಯಲು ನಾನೇ ಮನೆಗೆ ತಂದೆ.

ಹನ್ನೆರಡನೇ ತಾರೀಕು ಗುರುವಾರ ಬೆಳಿಗ್ಗೆ, ನನಗೆ ಗಂಟೆ ತಿಳಿಯದು, ಬಿಸಿಲು ಹುಣಸೆಮರದ ತುದಿಗೆ ಬಂದಿತ್ತು, ಸಾಹೇಬರು ಆರೂಮುಕ್ಕಾಲು ಎಂದು ಬರೆದುಕೊಂಡಿದ್ದಾರೆ, ಶಿವರುದ್ರಸ್ವಾಮಿಯವರು ಬಂಡೆಯಿಂದ ಹಳ್ಳದಾಚೆ ನೂರ ಎಂಬತ್ತು ಗಜದಲ್ಲಿದ್ದ ಹಂದಿಗೆ ಹೊಡೆದರು. ಗುಂಡು ಹಂದಿಯ ಹೊಟ್ಟೆಯ ಅಡಿಯಲ್ಲಿ ಹಾದು, ಕಲ್ಲಿಗೆ ಬಡಿದು ಸಿಡಿದು, ಕತ್ತಾಳೆ ಬೇಲಿಯ ಮರೆಯಲ್ಲಿದ್ದ ಪುಟ್ಟಮಾದಪ್ಪನ ಮೀನಖಂಡಕ್ಕೆ ತಾಗಿತು. ನನಗೆ ಬಿದಿರು ತಂದುಕೊಡುವವನೂ ಅವನೇ. ಶಿವರುದ್ರಸ್ವಾಮಿಯವರು ಓಡಿಹೋಗಿ ತಮ್ಮ ಪಂಚೆ ಹರಿದು ಗಾಯಕ್ಕೆ ಕಟ್ಟಿ, ತಮ್ಮ ಗಾಡಿಯಲ್ಲೇ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂಳೆಗೆ ಏಟಾಗಿಲ್ಲ, ನಡೆಯುತ್ತಾನೆ ಎಂದು ಡಾಕ್ಟರು ಹೇಳಿದ್ದಾರೆಂದು ಕೇಳಿ ಜೀವ ಬಂತು.

ಅದೇ ದಿನ ಮಧ್ಯಾಹ್ನ ಹೊತ್ತು ವಾಲಿದ ಮೇಲೆ ಹವಾಲ್ದಾರರು ನನ್ನ ಗುಡಿಸಲಿಗೆ ಬಂದು ಸೋಮವಾರದ ತಟ್ಟೆ ತೋರಿಸೆಂದರು. ನಾನು ಇನ್ನೂ ಸುಣ್ಣ ಬಳಿದಿರಲಿಲ್ಲ. ಅವರು ಅದರ ಮೇಲೆ ಗೇಣು ಹಾಕಿದರು. ಎರಡು ಬೆರಳು ಉಳಿಯಿತು. ಮತ್ತೊಂದು ಸಲ ಹಾಕಿದರು. ಆಗಲೂ ಅಷ್ಟೇ ಉಳಿಯಿತು. ಅಂಚಿನಲ್ಲಿದ್ದ ಎರಡು ತೂತುಗಳ ಮೇಲೆ ಬೆರಳಿಟ್ಟು ನೋಡಿದರು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾನು ಅಳೀಬೇಕಾಗಿತ್ತು ಕಣವ್ವ," ಎಂದರು. "ಅಳೀದೆ ಚೀಟಿ ಕೊಟ್ಟೋನು ನಾನು."

ತಟ್ಟೆಯನ್ನು ಗೋಡೆಗೆ ಒರಗಿಸಿ ನೇರ ಈ ಠಾಣೆಗೆ ಬಂದರು. ಗುರಿಯ ಅಳತೆ ಆರಿಸಿದವನು ನಾನು, ತಪ್ಪು ನನ್ನದು ಎಂದು ಬರೆದುಕೊಟ್ಟರು. ನನ್ನ ಹೆಸರನ್ನೇ ಎತ್ತಲಿಲ್ಲವೆಂದು ನಿನ್ನೆ ಸಂಜೆ ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ಮನುಷ್ಯ ನನ್ನಂಥವಳ ಎರಡು ಬೆರಳನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಓಡಾಡುವುದನ್ನು ನಾನು ನೋಡಲಾರೆ.

ಈ ದಿನ ಸಾಹೇಬರ ಮುಂದೆ ತಟ್ಟೆಯ ಸುಣ್ಣ ಕೆರೆದು ಒಳಗಿನ ಕಟ್ಟನ್ನು ತೋರಿಸಿದ್ದೇನೆ. ಸಾಹೇಬರು ಠಾಣೆಯ ಪಟ್ಟಿಯಿಂದ ಅಳೆದಾಗ ಕಟ್ಟಿನವರೆಗೆ ಒಂಬತ್ತು ಅಂಗುಲ, ಅಂಚಿನವರೆಗೆ ಹತ್ತೂವರೆ ಅಂಗುಲ ಬಂದಿದೆ. ಮೂರು ತೂತುಗಳು ಕಟ್ಟಿನ ಒಳಗಿವೆ, ಎರಡು ಹೊರಗಿವೆ. ನಾನು ಸರಿಯಾದ ತಟ್ಟೆ ಕೊಟ್ಟಿದ್ದರೆ ಐದಕ್ಕೆ ಮೂರೇ ಆಗುತ್ತಿತ್ತು, ಇನ್ನೂರು ಗಜದ ಚೀಟಿ ಸಿಕ್ಕುತ್ತಿರಲಿಲ್ಲ, ಶಿವರುದ್ರಸ್ವಾಮಿಯವರು ಹಳ್ಳದಾಚೆಗೆ ಹೊಡೆಯುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಸಾಹೇಬರು ಕನಿಕರದಿಂದ, ಕೈತಪ್ಪಿ ದೊಡ್ಡದಾಯಿತು ಎಂದು ಬರೆದುಕೊಳ್ಳುತ್ತೇನೆ, ನಿನಗೂ ತೊಂದರೆ ಕಡಿಮೆಯಾಗುತ್ತದೆ ಎಂದರು. ಬೇಡವೆಂದೆ. ಹಾಗೆ ಬರೆದರೆ ಹವಾಲ್ದಾರರು ನನ್ನ ಕೈಯನ್ನು ನಂಬಿದ್ದೇ ತಪ್ಪು ಎಂದಾಗುತ್ತದೆ. ಅವರು ನಂಬಿದ್ದರಲ್ಲಿ ತಪ್ಪಿಲ್ಲ. ಈ ಮುಂದಿನ ಮಾತನ್ನು ನಾನು ಆಡಿದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡದ್ದರಿಂದ ಸಾಹೇಬರು ಹಾಗೆಯೇ ಬರೆದುಕೊಂಡಿದ್ದಾರೆ.

"ನನ್ ಕೈ ತಪ್ಪಾಕಿಲ್ಲ ಸಾ. ಗೇಣು ಗೇಣೇ ಇತ್ತು. ಎರಡ್ ಬೆರಳ ನಾನೇ ಬೇಕಂತ ಸೇರಿಸ್ದೆ."

ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಲಾಗಿ ಕೇಳಿ ತಿಳಿದುಕೊಂಡಿದ್ದೇನೆ. ಇದರಲ್ಲಿ ನಡೆದದ್ದು ನಡೆದಷ್ಟೇ ಇದೆ. ಯಾರಿಗೂ ಕೊಸರು ಹಾಕಿಲ್ಲ.

ಸ್ಥಳ: ರಾಮಾಪುರ
ತಾರೀಕು: 14-11-1953
ಚಿಕ್ಕನಿಂಗಮ್ಮನ ಎಡಗೈ ಹೆಬ್ಬೆರಳಿನ ಗುರುತು